ಮಡಿಲಲ್ಲಿ ಅರವತ್ತಮೂರು ಮಂದಿ

ಹಳೆಯ ಹಾಸಿಗೆಯ ಸ್ಪಂಜು ಕೊಯ್ದು
ಹೆಬ್ಬೆಟ್ಟಿನುದ್ದದ ಒಬ್ಬೊಬ್ಬ ಸಿಪಾಯಿಗೂ ಒಂದು ಗೂಡು.
ಈಟಿಯವನಿಗೆ ಓರೆಯಾಗಿ, ಕುದುರೆಗೆ ಎರಡು ಬೆರಳು ಆಳ,
ಬಾವುಟ ಹಿಡಿದವನಿಗೆ ಮಾತ್ರ
ಮೂರು ಸಲ ಕೊಯ್ದೆ. ಮೂರು ಸಲವೂ ಬಿಗಿ.

ಬಿಗಿಯಾದರೆ ಬಣ್ಣ ಏಳುತ್ತದೆ,
ಸಡಿಲವಾದರೆ ಕೈ ಮುರಿಯುತ್ತದೆ.
ವಿರಾಜಪೇಟೆಯ ಬಸ್ಸು ಕಲಿಸಿದ್ದು. ಹೋದ ವರ್ಷ
ಬೇತ್ರಿ ಸೇತುವೆ ದಾಟುವಷ್ಟರಲ್ಲೇ
ನನ್ನ ಬಿಲ್ಲುಗಾರರಲ್ಲಿ ಐವರ ಬಳಿ ಬಿಲ್ಲಿರಲಿಲ್ಲ.

ಈ ಸಲ ಸೀಟಿಲ್ಲ. ಡಬ್ಬಿ ಎದೆಗವಚಿ ನಿಂತೆ.
"ಏನದು, ಮೊಟ್ಟೆಯಾ?" ಕಂಡಕ್ಟರ್ ಕೇಳಿದ.
"ಸೈನ್ಯ" ಅಂದೆ.
"ಹಾಗಾದರೆ ಲಗೇಜು" ಅಂದ.

ಕಿಟಕಿ ಪಕ್ಕದ ಮುದುಕರು ಕೈ ಚಾಚಿದರು. "ಕೊಡಿಲ್ಲಿ."
ಮುಚ್ಚಳ ತೆಗೆದು ಒಬ್ಬನನ್ನು ಎತ್ತಿದರು,
ತಲೆ ಹಿಡಿದಲ್ಲ, ನಾನು ಹೇಳುವ ಮೊದಲೇ, ಬುಡ ಹಿಡಿದು.
ಬೆಳಕಿಗೆ ತಿರುಗಿಸಿ
"ಇವನ ಚಪ್ಪಲಿಗೆ ಬಾರೇ ಇಲ್ಲವಲ್ಲ,
ಎಷ್ಟು ದೂರ ನಡೆಸ್ತೀರಿ?" ಅಂದರು
ಹವಾಲ್ದಾರ್ ಮಾಚಯ್ಯ, ಸಿಗ್ನಲ್ಸ್, ನಿವೃತ್ತ.

ಆಮೇಲೆ ಡಬ್ಬಿ ಮಡಿಲಲ್ಲಿಟ್ಟು
ಎರಡೂ ಅಂಗೈ ಮುಚ್ಚಳದ ಮೇಲಿರಿಸಿ ನಿದ್ದೆ ಹೋದರು.
ತಿರುವಿಗೆ ತಿರುವು ಮೈ ವಾಲುತ್ತಿತ್ತು,
ಕೈ ಅಲುಗಲಿಲ್ಲ.

ಮೂರ್ನಾಡು ಬಂತು. ಅವರ ಟಿಕೇಟು ಅಲ್ಲಿಗೇ,
ಕೇಳಿಸಿಕೊಂಡಿದ್ದೆ.
ಮುಂದೆ ಹಾಕತ್ತೂರು, ಮೇಕೇರಿ, ರಸ್ತೆ ಪೂರಾ ಕಿತ್ತಿದೆ.
ಎಬ್ಬಿಸಲಿಲ್ಲ.

ಮಡಿಕೇರಿಯಲ್ಲಿ ಕಣ್ಣುಬಿಟ್ಟು, ಸುತ್ತ ನೋಡಿ,
ಒಂದು ಗಳಿಗೆ ಸುಮ್ಮನಿದ್ದು
"ಎಷ್ಟು ಮಂದಿ ಹೋದರು?" ಅಂದರು.
ಎಣಿಸಿದೆ. ಅರವತ್ತಮೂರೂ ನೆಟ್ಟಗಿದ್ದರು.
ಮೂರ್ನಾಡಿಗೆ ವಾಪಸು ಟಿಕೇಟು ತೆಗೆದುಕೊಟ್ಟೆ.
ಬೇಡ ಅನ್ನಲಿಲ್ಲ.

ರಾತ್ರಿ, ಆಟ ಮುಗಿದ ಮೇಲೆ,
ಎರಡೇ ಕೂದಲಿನ ಕುಂಚ ಹಿಡಿದು
ಚಪ್ಪಲಿಗೆ ಬಾರು ಬರೆಯಲು ಕೂತೆ.
ಎಡಗಾಲಿಗೆ ಬಂತು.
ಬಲಗಾಲಿಗೆ ಬರಲಿಲ್ಲ.