ಕಿಲುಬು

ಹಾರ್ಲೆಮ್ ಊರಿನ ಕಾಲುವೆ ಪಕ್ಕ, ಅಟ್ಟದ ಕಿಟಕಿಗೆ ಮುಖ ಮಾಡಿ
ಅಲೈಡಾ ಬಣ್ಣ ತುಂಬುತ್ತಿದ್ದಳು.
ಹಾಳೆಗೆ ಅರ್ಧ ಸ್ಟೈವರ್. ಕೂಲಿಪುಸ್ತಕದಲ್ಲಿ ಇಷ್ಟೇ ಅವಳ ಚರಿತ್ರೆ,
ಮತ್ತೆ ಒಂದು ಕಡೆ:
ಕೆಮ್ಮು, ಎರಡು ದಿನ ಬಂದಿಲ್ಲ, ಕೂಲಿ ಇಲ್ಲ.

ಜಾವಾದ ಕಂಬಳಿಹುಳವನ್ನು ಕಂಡವಳಲ್ಲ.
ಮಾದರಿ ಹೇಳಿದಂತೆ ಬೆನ್ನಿಗೆ ಹಳದಿ, ಕೊಂಬಿಗೆ ಕೆಂಪು,
ನಿಂಬೆಯ ಎಲೆಗೆ ಹಸಿರು:
ತಾಮ್ರದ ತಗಡಿಗೆ ವಿನೆಗರ್ ಕುಡಿಸಿ
ವಾರಗಟ್ಟಲೆ ಕಾದು ಕೆರೆದು ತೆಗೆದ ಕಿಲುಬು.
ನೂರಾ ಹನ್ನೊಂದು ಪ್ರತಿ.
ಅದೇ ಹುಳ, ಅದೇ ಎಲೆ, ಅಂಚಿನಲ್ಲಿ ಅದೇ ಕಚ್ಚು.
ಅಲ್ಲಿ ಮಾತ್ರ ಕುಂಚ ತಾಗಕೂಡದು.

ಒಂದು ಪ್ರತಿ ಈಗ ನನ್ನ ಮೇಜಿನ ಮೇಲೆ, ದೀಪದಡಿ.
ಹುಳ ಇದ್ದಲ್ಲೇ ಇದೆ,
ಮುನ್ನೂರು ವರ್ಷದಿಂದ ಬಾಯಿ ತೆರೆದುಕೊಂಡು.
ತಿಂದದ್ದು ಅದಲ್ಲ,
ಎಲೆಯನ್ನು ಹಸಿರೇ ತಿಂದಿದೆ.
ನರದ ಗುಂಟ ಕಂದಾಗಿ, ಬಿರಿದು, ಪುಡಿ ಉದುರಿ
ಎಲೆಯಿದ್ದಲ್ಲಿ ಎಲೆಯಾಕಾರದ ಕಿಂಡಿ;
ಹುಳ ತಿಂದಿತೆಂದು ಅವಳು ಬಿಟ್ಟ ಜಾಗವೊಂದೇ
ನಾಲಗೆಯಷ್ಟು ಬಿಳಿಯಾಗಿ ಉಳಿದಿದೆ.

ಹಿಂದಿನಿಂದ ತೆಳು ಕಾಗದದ ತೇಪೆ ಹಾಕಬೇಕು.
ಬಣ್ಣ ಹಚ್ಚುವಂತಿಲ್ಲ, ನಮ್ಮಲ್ಲಿ ಹಾಗೆ ನಿಯಮ.
ಅಂಟು ಕಲಸುವಾಗ ಕೆಳಮೂಲೆಯಲ್ಲಿ ಕಂಡದ್ದು:
ಒಂದು ಹಸಿರು ಹೆಬ್ಬೆಟ್ಟು.
ರುಜು ಬಾರದವಳು. ಕೂಲಿಪುಸ್ತಕದಲ್ಲೂ ಬರೀ ಗೀಟು.
ಇದರ ಸುತ್ತಲೂ ಕಂದು ಹಬ್ಬುತ್ತಿದೆ,
ಗೆರೆಗೆರೆಯಾಗಿ.

ಎಲೆ ಕಾಯಲಿ.
ಇವತ್ತು ಇದನ್ನು ಹಿಡಿದಿದ್ದೇನೆ.