ಶ್ರುತಿ ಕೂಡಿಸಿದ ಕೈ

ಲೈಪ್ಸಿಗ್‌ನಲ್ಲಿ ನಾನು ಹೆಡ್‌ಫೋನು ಮಾರುತ್ತೇನೆ.
ಟ್ರಾಮು ತಿರುಗುವ ಮೂಲೆ, ಎರಡನೇ ಮಹಡಿ,
ಗೋಡೆಗೆಲ್ಲ ಬೂದು ಕಂಬಳಿ.
ಬರುವವರು ಹೆಚ್ಚಾಗಿ ಗಂಡಸರು. ಕೋಷ್ಟಕ ತರುತ್ತಾರೆ,
ಓಮು, ಡೆಸಿಬಲ್ಲು ಬಾಯಿಪಾಠ ಒಪ್ಪಿಸುತ್ತಾರೆ,
ಕಣ್ಣು ಮುಚ್ಚಿ ತಲೆದೂಗುತ್ತ
ನಾನೇನು ಹೇಳಿಯೇನೆಂದು ಅರೆಗಣ್ಣಲ್ಲಿ ನೋಡುತ್ತಾರೆ.
ಹಿತ್ತಾಳೆ ಕಿವಿಯವರು.
ನನ್ನ ಅನ್ನ ಅವರಿಂದಲೇ.

ರೋಸ್ವಿಥಾ ನೌಂಡಾರ್ಫ್ ಬಂದದ್ದು ಗುರುವಾರ.
ಎಪ್ಪತ್ತೊಂದು. ದಪ್ಪ ಕಟ್ಟಿನ ಕನ್ನಡಕ,
ಊರೂರಿನ ಪಿಯಾನೊಗಳಿಗೆ ಶ್ರುತಿ ಕೂಡಿಸಿದ ಕೈ,
ಹೆಬ್ಬೆರಳ ಬುಡದಲ್ಲಿ ಇನ್ನೂ ಕೀಲಿ ಹಿಡಿದ ಜಡ್ಡು.
"ಎಂಟು ಸಾವಿರದ ಮೇಲೆ ನನಗೇನೂ ಕೇಳಿಸದು,
ಡಾಕ್ಟರು ಬರೆದೇ ಕೊಟ್ಟಿದ್ದಾರೆ.
ಮೇಲಿನ ಮಿಂಚಿಗೆಲ್ಲ ದುಡ್ಡು ಹೇಳಬೇಡಿ" ಅಂದರು.

ಮೂರು ತಂದಿಟ್ಟೆ.

ಮೊದಲನೆಯದು ನಾನೂರು ಯೂರೋ, ಇನ್ನೂರರವತ್ತು ಗ್ರಾಂ.
ಮಖಮಲ್ಲಿನ ಮೆತ್ತೆ; ತಲೆಯ ಮೇಲಿದೆಯೆಂದು
ತಲೆಗೇ ನೆನಪಿರದು.
ತಗ್ಗಿನ ಸ್ವರ ತುಸು ತುಂಬಿಕೊಂಡು,
ಊಟವಾದ ಮೇಲೆ ಮಾತಿಗೆ ಕೂತ ಸೋದರಮಾವನ ಹಾಗೆ.
"ಇದು ಎಲ್ಲರ ಬಗ್ಗೆಯೂ ಒಳ್ಳೆಯದನ್ನೇ ಹೇಳುತ್ತದೆ" ಅಂದರು.
ಹೊಗಳಿಕೆಯೋ ದೂರೋ ತಿಳಿಯಲಿಲ್ಲ.

ಎರಡನೆಯದು ಮುಚ್ಚಿದ ಬಗೆ, ಚರ್ಮದ್ದು, ಸಾವಿರದ ಆರುನೂರು.
ಕನ್ನಡಕದ ಕಡ್ಡಿಯ ಮೇಲೆ ಮೆತ್ತೆ ಎದ್ದು ನಿಂತು
ಆ ಸಂದಿಯಲ್ಲಿ ತಗ್ಗಿನ ಸ್ವರವೆಲ್ಲ ಸೋರಿಹೋಯಿತು.
ಕನ್ನಡಕ ತೆಗೆದರೆ ಸ್ವರ ಬಂತು, ನಾನು ಮಂಜಾದೆ.
"ನಿಮ್ಮ ಮುಖ ನನಗೇನೂ ಬೇಕಿಲ್ಲ" ಎಂದು ನಕ್ಕರು;
ಹತ್ತು ನಿಮಿಷಕ್ಕೆ ಕಿವಿ ಬೆವರಿ ಕೆಳಗಿಟ್ಟರು.

ಮೂರನೆಯದು ತೆರೆದ ಬೆನ್ನಿನದು, ನಾಲ್ಕು ಸಾವಿರದ ಎಂಟುನೂರು.
ಅರ್ಧ ಕಿಲೋ. ಮೂಗಿಗಿಂತ ಮೂಗುತಿ ಭಾರ.
ಕೊರಳು ಒಮ್ಮೆ ಮುಂದಕ್ಕೆ ಬಾಗಿ
ಸರಿಪಡಿಸಿಕೊಂಡಿತು.
ಕೇಳಲು ತಮ್ಮದೇ ಧ್ವನಿಮುದ್ರಣ ತಂದಿದ್ದರು,
ಹಳೆಯ ಟೇಪಿನಿಂದ ಇಳಿಸಿದ್ದು:
ಎಂಬತ್ತನಾಲ್ಕರ ಫೆಬ್ರವರಿ, ಗಣಿ ಕಾರ್ಮಿಕರ ಸಭಾಂಗಣ,
ಕಲ್ಲಿದ್ದಲ ಒಲೆ, ಕೋಟು ಬಿಚ್ಚದೆ ಕೂತ ಜನ.
ನುಡಿಸಿದವನ ಹೆಸರು ಹೇಳಲಿಲ್ಲ.
ಶ್ರುತಿ ಮಾಡಿದ್ದು ನಾನು, ಅಂದರು.

ಏಳನೇ ನಿಮಿಷಕ್ಕೆ ಬೆರಳು ನಿಂತಿತು.
ಹಿಂದಕ್ಕೆಳೆದರು. ಮತ್ತೆ. ಮತ್ತೆ.
ಕೆಳಗೆ ಟ್ರಾಮು ಕಿರುಗುಟ್ಟಿ ತಿರುಗಿದ್ದು
ಆ ತೆರೆದ ಬೆನ್ನಿನೊಳಗೆ ನುಗ್ಗಿರಬೇಕು; ಅವರು ಕದಲಲಿಲ್ಲ.
ಆಮೇಲೆ ತೆಗೆದು ನನ್ನ ತಲೆಗಿಟ್ಟರು.
ಮೊದಲು ಯಾರದೋ ಕೆಮ್ಮು, ಕುರ್ಚಿಯ ನರಳು,
ಒಲೆಯ ಬಾಗಿಲು ತೆರೆದು ಮುಚ್ಚಿದ್ದು.
ಆಮೇಲೆ ಅದು.
ಒಂದೇ ಸ್ವರಕ್ಕೆ ಮೂರು ತಂತಿ;
ಎರಡು ಒಪ್ಪಿ, ಮೂರನೆಯದು
ಕೂದಲೆಳೆಯಷ್ಟು ದೂರ ನಿಂತು,
ಸ್ವರ ಆರುತ್ತಿರುವಾಗ ನಡುಗುತ್ತಿತ್ತು
ಬಟ್ಟಲ ಅಂಚಿಗೆ ಹಾಲು ಬಂದು ಬಂದು ಹೋಗುವಂತೆ.

"ಇಷ್ಟು ವರ್ಷ ಇದು ಅವನ ಕಾಲಿನ ತಪ್ಪು ಅಂದುಕೊಂಡಿದ್ದೆ.
ಪೆಡಲು ಬಿಡಲು ಬರುವುದಿಲ್ಲ ಅಂತ
ಹತ್ತು ಜನರ ಮುಂದೆ ಹೇಳಿಯೂ ಇದ್ದೆ.
ಅವನು ಮತ್ತೆ ಆ ಊರಿಗೆ ಬರಲಿಲ್ಲ."

ಮೊದಲನೆಯದನ್ನೇ ಇನ್ನೊಮ್ಮೆ ಕೊಡಿ, ಅಂದರು.
ಅದೇ ಏಳನೇ ನಿಮಿಷ.
ನಡುಕವಿಲ್ಲ, ಕೆಮ್ಮಿಲ್ಲ,
ಸಭಾಂಗಣ ಬೆಚ್ಚಗಿತ್ತು.
ಕೊಟ್ಟ ದುಡ್ಡಿಗೆ ಮೋಸವಿಲ್ಲದ್ದು ಇದೇ, ಅಂದೆ,
ನನ್ನ ಲಾಭ ನುಂಗಿಕೊಂಡು.
"ದಿನಾ ತೊಡಲು ಇದು" ಎಂದು ನಾನೂರು ಎಣಿಸಿದರು.
ನೋಟುಗಳನ್ನೂ ಎರಡೆರಡು ಸಲ ತಟ್ಟಿ ನೋಡುವ ಬೆರಳು.
ಬಾಗಿಲಲ್ಲಿ ತಿರುಗಿ,
"ಆ ಭಾರದ್ದನ್ನು ಶನಿವಾರದವರೆಗೆ ಮಾರಬೇಡಿ.
ಒಬ್ಬನನ್ನು ಕರೆತರುತ್ತೇನೆ, ಬಂದರೆ.
ಅವನಿಗೂ ಈಗ ಕಿವಿ ಮಂದವಂತೆ."

ಶುಕ್ರವಾರ ಕೋಷ್ಟಕದವನೊಬ್ಬ
ಪೂರ್ತಿ ಹಣ ಹಿಡಿದುಕೊಂಡೇ ಬಂದ.
ಕೆಟ್ಟಿದೆ, ಅಂದೆ.