ಅಡವಿಟ್ಟ ಅಂಗಿ

ಸಾಹಿಬ್‌ಗಂಜಿನ ಗಂಗೆಯ ಘಟ್ಟದಲ್ಲಿ ನಾನು ಚೀಟಿ ಹರಿಯುವವನು.
ವಯಸ್ಸು ಇಪ್ಪತ್ತೆರಡು. ತಗಡಿನ ಗೂಡು, ಒಂದು ಕಿಂಡಿ,
ಕಿಂಡಿಯಾಚೆ ಹೊಳೆ, ಹೊಳೆಯಾಚೆ ಮನಿಹಾರಿ,
ಅದೂ ಮಂಜಿಲ್ಲದ ದಿನ ಮಾತ್ರ.

ಆವತ್ತು ಮಂಜಿತ್ತು.
ಕಡೆಯ ಲಾಂಚು ಮೂರು ಸಲ ಕೂಗಿದಾಗ ಕಿಂಡಿಯೊಳಗೆ ಬಂದದ್ದು
ಮುಖವಲ್ಲ, ಒಂದು ಅಂಗಿ.
ಬಿಳಿಯದು, ಮಡಿಸಿದ್ದು, ಮೈಬಿಸಿ ಇನ್ನೂ ಆರದ್ದು.
"ಕಾಸಿಲ್ಲ. ಇದನ್ನಿಟ್ಟುಕೋ. ನಾಳೆ ಬಂದು ಬಿಡಿಸಿಕೊಳ್ತೀನಿ."
ಹೆಸರು ಕೇಳುವಷ್ಟರಲ್ಲಿ ಬನಿಯನ್ನಿನ ಬೆನ್ನೊಂದು
ಹಲಗೆ ದಾಟಿ ಮಂಜಿಗೆ ಸೇರಿತು.

ಹಗ್ಗ ಬಿಚ್ಚುತ್ತಿದ್ದ ತುಫೈಲ್ ಕೂಗಿ ಹೇಳಿದ:
"ಮೊದಲು ಗುಂಡಿ ಎಣಿಸು ಮಾರಾಯ,
ನಾಳೆ ಬಂದು ಒಂದು ಕಮ್ಮಿ ಅಂದಾನು!"
ಏಳಿದ್ದವು. ಎಣಿಸಿ ಮೊಳೆಗೆ ತೂಗುಹಾಕಿದೆ.

ನಾಳೆ ಬಂತು. ನಾಡಿದ್ದೂ ಬಂತು.
ಶಿವರಾತ್ರಿ ಕಳೆದು ಹೊಳೆಯ ನಡುವೆ ಮರಳು ಬೆನ್ನೆತ್ತಿತು.
ಜಲ್ಲಿ ಲಾರಿಗಳು ಎರಡೆರಡು ದಿನ ಸಾಲಲ್ಲಿ ನಿಲ್ಲತೊಡಗಿದವು.
ಅಂಥದೊಂದರ ಅಡಿಯಲ್ಲಿ ಅನ್ನ ಬೇಯಿಸುತ್ತಿದ್ದ ಬಡ್ಕಾ ಹಾಂಸ್ದಾ,
ರಾಜಮಹಲ್ ಗುಡ್ಡದ ಸಂತಾಲ ಹುಡುಗ, ಲಾರಿಯ ಕ್ಲೀನರು,
"ಉಪ್ಪಿದೆಯಾ?" ಎಂದು ಗೂಡಿಗೆ ಬಂದ.
ಉಪ್ಪು ಕೊಟ್ಟವನಿಗೆ ಊಟ, ಊಟಕ್ಕೆ ಕರೆಯದೆ ಬಂದ ತುಫೈಲ್:
ಹೀಗೆ ಮೂವರಾದೆವು.

ಮೊದಲು ತೊಟ್ಟವನು ನಾನೇ,
ಭಾಗಲ್ಪುರದ ರೈಲ್ವೆ ಪರೀಕ್ಷೆಗೆ. ಪಾಸಾಗಲಿಲ್ಲ.
ಆಮೇಲೆ ತುಫೈಲ್, ಹೆಣ್ಣಿನ ಮನೆಗೆ ಕಳಿಸುವ ಫೋಟೋಕ್ಕೆ.
ತೋಳು ಎರಡು ಮಡಿಕೆ ಮಡಿಸಿದರೂ ಉದ್ದ,
ಕಾಲರಿನೊಳಗೆ ಇನ್ನೊಂದು ಕುತ್ತಿಗೆಗೆ ಜಾಗ.
ಎಷ್ಟು ದೊಡ್ಡ ಆಳಪ್ಪ ಅವನು!
ಪ್ರತಿ ಸಲವೂ ಒಗೆದು, ನೀಲಿ ಹಾಕಿ,
ಹಿತ್ತಾಳೆ ಚೊಂಬಿನಲ್ಲಿ ಕೆಂಡ ತುಂಬಿ ಇಸ್ತ್ರಿ ತೀಡಿ
ಮತ್ತೆ ಮೊಳೆಗೆ.
ನಾಳೆ ಅಂದಿದ್ದಾನಲ್ಲ.

ಹಲಗೆ ದಾಟಿ ಬರುವವರ ಮುಖ ನೋಡುವುದು ಬಿಟ್ಟು
ಭುಜ ನೋಡುವುದು ರೂಢಿಯಾಯಿತು.
ಒಮ್ಮೆ ಒಬ್ಬನನ್ನು ತುಫೈಲ್ ತಡೆದೇಬಿಟ್ಟ.
ಅವನು ಕಟಿಹಾರದ ಕಾನ್‌ಸ್ಟೇಬಲ್ಲು.
ಬೈಗುಳ ಬಹಳ ಹೊತ್ತು ನೀರಿನ ಮೇಲೆ ತೇಲಿತು.

ವೈಶಾಖದಲ್ಲಿ ಬಡ್ಕಾನ ಮದುವೆ. ಅಂಗಿಯೂ ಹೋಯಿತು, ನಾವೂ ಹೋದೆವು.
ಮಾದಲ ಬಡಿದರು, ಹಂಡಿಯಾ ಕುಡಿಸಿದರು,
ಅತ್ತಿಗೆಯರು ಅರಿಸಿನದ ಕೈಯಲ್ಲೇ ಮದುಮಗನನ್ನು ಅಟ್ಟಾಡಿಸಿದರು.
ಬೆಳಿಗ್ಗೆ ನೋಡಿದರೆ ಎಡಭುಜದಿಂದ ಜೇಬಿನವರೆಗೆ
ಐದೂ ಬೆರಳು, ಹಳದಿ.

ನಿಂಬೆ ಉಜ್ಜಿದೆವು. ಬಿಸಿಲಿಗೆ ಒಡ್ಡಿದೆವು.
ಸೋಡಾ ಹಾಕಿದ ಗಳಿಗೆಗೆ ಅದು ರಕ್ತದಂತೆ ಕೆಂಪಾಗಿ
ಬಡ್ಕಾ ಅತ್ತೇಬಿಟ್ಟ. ತೊಳೆದರೆ ಮತ್ತೆ ಹಳದಿ.

ಈಗ ಭಯ ಬೇರೆ.
ಇಷ್ಟು ದಿನ ಬರಲಿಲ್ಲವಲ್ಲ ಎಂದಿದ್ದವರು
ಲಾಂಚು ಕೂಗಿದರೆ ಅಂಗಿಯನ್ನು ಗೋಡೆಯ ಕಡೆಗೆ ತಿರುಗಿಸುತ್ತೇವೆ.
"ಬಂದು ಕೇಳಿದರೆ ಏನಂತೀಯೋ?"
ತುಫೈಲ್ ಹಗ್ಗ ಸುತ್ತುತ್ತಾ ಸ್ವಲ್ಪ ಹೊತ್ತು ಯೋಚಿಸಿದ.
"ಹೇಳೋಣ: ಅಣ್ಣಾ, ನೀನು ತಡಮಾಡಿದೆ.
ಅದಕ್ಕೆ ಮದುವೆಯಾಗಿಹೋಯಿತು.
ಗುಂಡಿ ಮಾತ್ರ ಏಳೂ ಇವೆ."